ಪರದೆ ಕತ್ತಲಾಗುವಷ್ಟು ಹೊತ್ತು

ಬೆಳಗಿನ ಪಾಳಿಯ ರೋಗಿಗಳು ತಮ್ಮ ತಮ್ಮ ಊರುಗಳಲ್ಲಿ ಹಾಸಿಗೆಗೆ ಒರಗುವ ಹೊತ್ತಿಗೆ ಇಲಿಯಾಸ್ ಜಮಾದಾರ ಕಲಬುರಗಿಯಲ್ಲಿ ತನ್ನ ಕುರ್ಚಿಗೆ ಬಂದು ಕೂತಿರುತ್ತಿದ್ದ. ಅವನ ಮುಂದೆ ಇದ್ದದ್ದು ಒಂದು ಕೀಲಿಮಣೆ, ಒಂದು ಮೌಸ್, ಒಂದು ಪರದೆ. ಯಾವುದೋ ಹಳೆಯ ಕಾಲದ ಗುಮಾಸ್ತರ ಮೇಜಿನಂತೆ ಕಾಣುತ್ತಿದ್ದ ಆ ಜಾಗದಿಂದ ಆರು ಊರುಗಳ ಕಂಪ್ಯೂಟರುಗಳು ನಡೆಯುತ್ತಿದ್ದವು.

ಪರದೆಯ ಮೇಲೆ ಜೇವರ್ಗಿ ಕಾಣಿಸುತ್ತಿತ್ತು. ಅಲ್ಲಿಯ ಒಬ್ಬ ಮುದುಕರ ಮೈಯಿಂದ ಇವತ್ತು ಎಷ್ಟು ನೀರು ತೆಗೆಯಬೇಕು ಎಂದು ಯಂತ್ರ ಕೇಳುತ್ತಿತ್ತು. ಇಲಿಯಾಸ್ ತೂಕ ನೋಡಿ, ರಕ್ತದೊತ್ತಡ ನೋಡಿ ಅಂಕಿ ಒತ್ತುತ್ತಿದ್ದ. ಅವನ ಬೆರಳು ಕೀಲಿಯಿಂದ ಏಳುವ ಮೊದಲೇ ಪರದೆಯ ಮೇಲೆ ಸೇಡಂ ಬಂದಿರುತ್ತಿತ್ತು. ಅಲ್ಲಿ ಯಾರದೋ ನಳಿಕೆಯಲ್ಲಿ ಗಾಳಿಗುಳ್ಳೆ. ಅದನ್ನು ನರ್ಸ್‌ಗೆ ತಿಳಿಸಿ ಕಣ್ಣು ಮಿಟುಕಿಸಿದರೆ ಆಳಂದ. ಆಳಂದದಲ್ಲಿ ‘ಸರಿ’ ಎಂದು ಒತ್ತಿದರೆ ಹೊಸಹಿಪ್ಪರಗಿ. ಊರುಗಳು ಅವನ ಮುಂದೆ ಹೀಗೆ ಇಡೀ ದಿನ ಬಂದು ಹೋಗುತ್ತಿದ್ದವು. ಆ ಯಾವ ಊರಿಗೂ ಅವನು ಕಾಲಿಟ್ಟಿರಲಿಲ್ಲ.

ಇವೆಲ್ಲ ಡಯಾಲಿಸಿಸ್ ಕೇಂದ್ರಗಳು. ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರಕ್ಕೆ ಹರಿಸಿ, ತೊಳೆದು, ಮೈಯಲ್ಲಿ ನಿಂತ ಹೆಚ್ಚಿನ ನೀರನ್ನು ಹೊರಗೆ ತೆಗೆದು, ಮತ್ತೆ ಮೈಗೆ ಸೇರಿಸುವ ಚಿಕಿತ್ಸೆ. ವಾರಕ್ಕೆ ಎರಡೋ ಮೂರೋ ಸಲ ಅರ್ಧ ದಿನ ಮಲಗಬೇಕು. ನೀರು ಕಡಿಮೆ ತೆಗೆದರೆ ಉಸಿರು ಕಟ್ಟುತ್ತದೆ, ಹೆಚ್ಚು ತೆಗೆದರೆ ರಕ್ತದೊತ್ತಡ ಕುಸಿಯುತ್ತದೆ. ಎಲ್ಲವನ್ನೂ ಯಂತ್ರವೇ ನಿರ್ಧರಿಸುತ್ತಿದ್ದ ಒಂದು ಕಾಲ ಬಂದುಹೋಗಿತ್ತು. ಕೆಲವು ಸಾವುಗಳಾದ ಮೇಲೆ, ಯಂತ್ರ ಲೆಕ್ಕ ಹಾಕಲಿ, ಆದರೆ ಕೊನೆಯ ಅಂಕಿಯನ್ನು ತರಬೇತಿ ಪಡೆದ ಮನುಷ್ಯನೇ ಒತ್ತಬೇಕು ಎಂದು ಕಾನೂನು ಬಂತು. ಹಾಗೆ ತರಬೇತಿ ಪಡೆದವರು ಸಣ್ಣ ಊರುಗಳಲ್ಲಿ ಸಿಗುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ಬಂದದ್ದು ‘ಕವಲು’.

ಅದನ್ನು ಕಂಡುಹಿಡಿದವರು ಸುಹಾಸಿನಿ ಮಣ್ಣೂರ. ಈ ಶತಮಾನದ ಮೊದಲ ಭಾಗದಲ್ಲಿ ಅವರು ಎಳೆಯ ಎಂಜಿನಿಯರ್ ಆಗಿದ್ದಾಗ ಮೇಜಿನ ಮೇಲೆ ಮೂರು ಕಂಪ್ಯೂಟರುಗಳಿದ್ದವು, ಜೊತೆಗೆ ಅಂಗೈಯಗಲದ ಒಂದು ಪೆಟ್ಟಿಗೆ. ಅದರ ಗುಂಡಿ ಒತ್ತಿದರೆ ಅದೇ ಕೀಲಿಮಣೆ, ಅದೇ ಮೌಸ್, ಅದೇ ಪರದೆ ಇನ್ನೊಂದು ಕಂಪ್ಯೂಟರಿಗೆ ಸೇರಿಕೊಳ್ಳುತ್ತಿತ್ತು. ಅಗ್ಗದ, ಸರಳವಾದ ಉಪಾಯ. ಒಂದೇ ತೊಂದರೆಯೆಂದರೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗುತ್ತಿತ್ತು. ಆ ಕಪ್ಪು ಸುಹಾಸಿನಿಯವರಿಗೆ ಸಹಿಸಲಾಗುತ್ತಿರಲಿಲ್ಲ. ಅದನ್ನು ಇಲ್ಲವಾಗಿಸಲು ಅವರು ತಮ್ಮ ಆಯುಷ್ಯದ ಒಳ್ಳೆಯ ವರ್ಷಗಳನ್ನು ಕೊಟ್ಟರು.

ಕವಲಿನಲ್ಲಿ ಅದು ಇಲ್ಲವಾಯಿತು. ಕಂಪ್ಯೂಟರುಗಳು ಪಕ್ಕದಲ್ಲೇ ಇರಬೇಕಾಗಿಯೂ ಇರಲಿಲ್ಲ, ಎಷ್ಟು ದೂರದಲ್ಲಿದ್ದರೂ ನಡೆಯುತ್ತಿತ್ತು. ಗುಂಡಿಯೂ ಬೇಡವಾಯಿತು. ಪರದೆಯ ಅಂಚಿನ ಕ್ಯಾಮರಾ ಕೂತವನ ಕಣ್ಣಾಲಿಗಳನ್ನು ಓದುತ್ತಿತ್ತು. ನೋಡಬೇಕಾದ್ದನ್ನು ನೋಡಿ ಮುಗಿಸಿದ್ದಾನೆ ಎಂದು ಅದಕ್ಕೆ ತಿಳಿದ ಕೂಡಲೇ, ಮನುಷ್ಯನ ಕೈ ಯಾವ ಊರಿಗೆ ಹೆಚ್ಚು ಅಗತ್ಯವೋ ಆ ಊರನ್ನು ತಂದು ಮುಂದೆ ನಿಲ್ಲಿಸುತ್ತಿತ್ತು. ಒಬ್ಬ ಮನುಷ್ಯ ಆರು ಊರಿಗೆ ಸಾಕಾದ. ನಸುಕಿನಲ್ಲೆದ್ದು ಬಸ್ಸು ಹಿಡಿದು ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಿ, ಚಿಕಿತ್ಸೆ ಮುಗಿಸಿ, ವಾಂತಿ ಮಾಡಿಕೊಳ್ಳುತ್ತ ಮರಳುತ್ತಿದ್ದ ಜನ ಈಗ ತಮ್ಮ ಊರಿನಲ್ಲೇ ಮಲಗಿ, ನಡೆದು ಮನೆಗೆ ಹೋಗುತ್ತಿದ್ದರು. ಸುಹಾಸಿನಿಯವರಿಗೆ ಎಲ್ಲೆಲ್ಲೋ ಶಾಲು ಹೊದೆಸಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಇಲಿಯಾಸ್‌ಗೆ ಆಗುತ್ತಿದ್ದದ್ದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಅವನಿಗೂ ಪೂರ್ತಿ ತಿಳಿದಿರಲಿಲ್ಲ. ದಣಿವು ಎಂದರೆ ಮೈಯದು ಎಂದು ಅವನು ತಿಳಿದಿದ್ದ, ಆದರೆ ಮೈಗೆ ಕೆಲಸವೇ ಇರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತರೆ ಹೆಂಡತಿ ತಸ್ಲೀಮಾ ಹೇಳುತ್ತಿದ್ದ ಮಾತಿನ ಮೊದಲ ಭಾಗ ಕೇಳಿಸುತ್ತಿತ್ತು, ಉಳಿದದ್ದು ಎಲ್ಲಿಗೋ ಹೋಗುತ್ತಿತ್ತು.

“ಅಣ್ಣನ ಮಗಳನ್ನ ನೋಡ್ಲಿಕ್ಕೆ ನಾಳೆ ಗಂಡಿನ ಕಡೆಯವ್ರು ಬರ್ತಾರಂತ ಹೇಳ್ದೆ. ನೀ ಏನಂದಿ ಗೊತ್ತದ?” ಎಂದಳು ಒಂದು ದಿನ.

“ಏನಂದೆ?”

“ತೂಕ ಎಷ್ಟಂತ ಕೇಳ್ದಿ.”

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ತಸ್ಲೀಮಾ ಅವನ ಮುಖ ನೋಡಿದಳು. ಅವನು ಅನ್ನದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದ. ಊಟ ಶುರು ಮಾಡಿದ್ದನೋ ಮುಗಿಸಿದ್ದನೋ ಎಂದು ಯೋಚಿಸುವವನ ಹಾಗೆ.

“ರಜಾ ಹಾಕು,” ಎಂದಳು.

“ನಾ ರಜಾ ಹಾಕಿದ್ರ ಆ ಆರು ಊರು ಪಕ್ಕದ ಮೇಜಿನ ಮ್ಯಾಲೆ ಬೀಳ್ತಾವ. ಅವರಿಗೆ ಹನ್ನೆರಡಾಗ್ತಾವ.”

ಅನಾಹುತವಾದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಜೇವರ್ಗಿಯ ಆ ಮುದುಕರು ದಪ್ಪ ಆಳು. ಹಬ್ಬವೆಂದು ಎರಡು ದಿನ ಮನಸೋ ಇಚ್ಛೆ ನೀರು ಕುಡಿದು ಬಂದಿದ್ದರು. ಇಲಿಯಾಸ್ ಅವರ ತೂಕ ನೋಡಿದ, ಇಷ್ಟು ನೀರು ತೆಗೆಯಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ, ಉರಿಯುತ್ತಿದ್ದ ಕಣ್ಣನ್ನು ಒಮ್ಮೆ ಉಜ್ಜಿಕೊಂಡ. ಕಣ್ಣು ಪರದೆಯಿಂದ ಸರಿದದ್ದನ್ನು ಕವಲು ಗಮನಿಸಿತು. ಇಲ್ಲಿಯ ಕೆಲಸ ಮುಗಿಯಿತು ಎಂದು ತಿಳಿದು ಹೊಸಹಿಪ್ಪರಗಿಯನ್ನು ತಂದು ನಿಲ್ಲಿಸಿತು. ಎಲ್ಲ ಊರುಗಳ ಪರದೆಯೂ ಒಂದೇ ಅಚ್ಚಿನದು. ಊರಿನ ಹೆಸರು ಮೂಲೆಯಲ್ಲಿರುತ್ತಿತ್ತು. ಇಲಿಯಾಸ್ ತಲೆಯಲ್ಲಿದ್ದ ಅಂಕಿ ಒತ್ತಿದ. ‘ಖಚಿತವೇ?’ ಎಂದು ಕೇಳಿತು. ದಿನವಿಡೀ ಕೇಳುವ ಪ್ರಶ್ನೆ ಅದು. ‘ಹೌದು’ ಎಂದು ಒತ್ತಿದ.

ಹೊಸಹಿಪ್ಪರಗಿಯ ಆ ಹಾಸಿಗೆಯ ಮೇಲೆ ಮಲಗಿದ್ದವಳು ಲಲಿತಾಬಾಯಿ ರಾಠೋಡ. ಐವತ್ತರ ಆಸುಪಾಸಿನ, ಒಣಕಲು ಮೈಯ ಹೆಂಗಸು. ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು. ಯಂತ್ರ ಅವಳ ಮೈಯಿಂದ ಒಬ್ಬ ದಪ್ಪ ಮನುಷ್ಯನಷ್ಟು ನೀರು ಎಳೆಯತೊಡಗಿತು. ಮೊದಲು ಅವಳು ಕಾಲು ಸೆಟೆಯುತ್ತಿದೆ ಎಂದಳು, ಆಮೇಲೆ ಏನೂ ಹೇಳಲಿಲ್ಲ. ಅಲ್ಲಿದ್ದ ನರ್ಸ್ ಬೇರೆ ಹಾಸಿಗೆಯಿಂದ ತಿರುಗಿ ನೋಡಿದಾಗ ಲಲಿತಾಬಾಯಿಯ ತುಟಿ ಬಿಳಿಚಿ, ಕುತ್ತಿಗೆ ವಾಲಿತ್ತು. ಯಂತ್ರ ನಿಲ್ಲಿಸಿದಳು, ಕಾಲು ಎತ್ತಿ ಹಿಡಿದಳು, ಉಪ್ಪುನೀರು ಏರಿಸಿದಳು. ಲಲಿತಾಬಾಯಿ ಬದುಕಿದಳು. ಆದರೆ ಅಷ್ಟು ಹೊತ್ತು ರಕ್ತ ಸಾಲದೆ ಬಲಗಣ್ಣಿನ ನರ ಸತ್ತಿತ್ತು. ಆ ಕಣ್ಣಿಗೆ ಮತ್ತೆ ಬೆಳಕು ಬರಲಿಲ್ಲ.

ಕೇಂದ್ರಗಳನ್ನು ನಡೆಸುತ್ತಿದ್ದ ಸಂಸ್ಥೆ ವಿಚಾರಣೆ ಮಾಡಿತು. ದಾಖಲೆ ಸ್ಪಷ್ಟವಾಗಿತ್ತು. ಅಂಕಿ ಒತ್ತಿದ್ದು ಇಲಿಯಾಸ್. ಯಂತ್ರ ಕೇಳಿತ್ತು, ‘ಹೌದು’ ಎಂದದ್ದೂ ಇಲಿಯಾಸ್. ಕವಲಿನಲ್ಲಿ ಏನಾದರೂ ದೋಷವಿತ್ತೇ ಎಂದು ಹೇಳಲು ಸುಹಾಸಿನಿಯವರನ್ನು ಕರೆಸಿದರು. ಅವರು ಎರಡು ದಿನ ಪರೀಕ್ಷಿಸಿದರು. ದೋಷವಿರಲಿಲ್ಲ. ಕವಲು ಮಾಡಬೇಕಾದ್ದನ್ನೇ ಮಾಡಿತ್ತು. ಹಾಗೆಂದು ಬರೆದುಕೊಡಲು ಕೂತವರು ಇಲಿಯಾಸ್‌ನನ್ನು ಕರೆದರು.

“ಊರಿನ ಹೆಸರು ಮೂಲೆಯಲ್ಲಿತ್ತಲ್ಲ, ನೋಡಲಿಲ್ಲವೆ?”

“ನೋಡಿರಬೇಕ್ರಿ.”

“ನೋಡಿದ್ದರೆ ಯಾಕೆ ಒತ್ತಿದಿರಿ?”

ಇಲಿಯಾಸ್ ಬಹಳ ಹೊತ್ತು ಯೋಚಿಸಿದ. ತಪ್ಪಿಸಿಕೊಳ್ಳುವ ಉತ್ತರ ಹುಡುಕುತ್ತಿದ್ದಾನೆ ಎಂದು ಸುಹಾಸಿನಿಯವರಿಗೆ ಅನಿಸಿತು. ಕೊನೆಗೆ ಅವನು, “ನಂಗೂ ಗೊತ್ತಿಲ್ರಿ ಮೇಡಂ. ಸಾಕಾಗ್ಯದ, ಅಷ್ಟೇ ಗೊತ್ತದ,” ಎಂದ. ಮರುದಿನದಿಂದ ಅವನನ್ನು ಕೆಲಸದಿಂದ ದೂರ ಇಟ್ಟರು.

ಆ ಮೇಜು ಖಾಲಿಯಾಯಿತು. ಹೊಸಬರು ಬರುವವರೆಗೆ ತಾನು ಕೂರುತ್ತೇನೆ ಎಂದು ಸುಹಾಸಿನಿ ಹೇಳಿದಾಗ ಸಂಸ್ಥೆಯವರಿಗೆ ಆಶ್ಚರ್ಯವಾಯಿತು. ಒಬ್ಬ ವೈದ್ಯರನ್ನು ಪಕ್ಕದಲ್ಲಿ ಕೂರಿಸಿ, ಅವರು ಹೇಳಿದ ಅಂಕಿಯನ್ನು ಇವರು ಒತ್ತುವುದು ಎಂದಾಯಿತು. ಸುಹಾಸಿನಿಯವರ ಉದ್ದೇಶ ದೊಡ್ಡದೇನಲ್ಲ. ವರದಿಯಲ್ಲಿ ಒಂದು ಸಾಲು ಬರೆಯಲು ಅವರಿಗೆ ಆಗುತ್ತಿರಲಿಲ್ಲ. ‘ನಿರ್ವಾಹಕನ ಅಜಾಗರೂಕತೆ’ ಎಂಬ ಆ ಸಾಲಿನ ಮುಂದೆ ಪೆನ್ನು ನಿಂತುಬಿಡುತ್ತಿತ್ತು.

ಮೊದಲ ದಿನ ಬೆಳಗ್ಗೆ ಅವರಿಗೆ ಹೆಮ್ಮೆಯೇ ಆಯಿತು. ಕಣ್ಣು ಹೊರಳಿದಲ್ಲಿಗೆ ಊರು ಬರುತ್ತಿತ್ತು. ತಾನು ಮಾಡಿದ ವಸ್ತು ಎಷ್ಟು ನಯವಾಗಿ ಓಡುತ್ತಿದೆ ಎಂದುಕೊಂಡರು. ಮಧ್ಯಾಹ್ನದ ಹೊತ್ತಿಗೆ ದವಡೆ ಬಿಗಿದುಕೊಂಡಿರುವುದು ಗಮನಕ್ಕೆ ಬಂತು. ಮೂರನೆಯ ದಿನಕ್ಕೆ ಊರುಗಳು ಊರುಗಳಾಗಿ ಉಳಿಯಲಿಲ್ಲ. ಸೇಡಂನ ಹುಡುಗಿಯ ಕೆಮ್ಮು ಆಳಂದದಲ್ಲೂ ಕೇಳಿಸಿದಂತಾಯಿತು. ಹೆಸರು ಓದುತ್ತಿದ್ದರು, ಹೆಸರು ಒಳಗೆ ಇಳಿಯುತ್ತಿರಲಿಲ್ಲ. ಒಮ್ಮೆ ವೈದ್ಯರು ಅವರ ಮಣಿಕಟ್ಟು ಹಿಡಿದು ನಿಲ್ಲಿಸಿದರು.

“ಮೇಡಂ, ಇದು ಶಹಾಪುರ. ನಾ ಹೇಳಿದ್ದು ಚಿತ್ತಾಪುರದ್ದು. ಅದು ಆಗಲೇ ಹೋಯ್ತು.”

ಸುಹಾಸಿನಿ ಕೈ ಹಿಂದೆಗೆದುಕೊಂಡರು. ಕೀಲಿಮಣೆಯ ಮೇಲೆ ತಮ್ಮ ಕೈಗಳು ಬೇರೆ ಯಾರದೋ ಎಂಬಂತೆ ಕಂಡವು.

ವಾರದ ಕೊನೆಗೆ ಕಟ್ಟಡದ ವಿದ್ಯುತ್ ಒಮ್ಮೆ ತಡವರಿಸಿತು. ಕೇಂದ್ರಗಳ ಯಂತ್ರಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು, ಇವರ ಪರದೆ ಮಾತ್ರ ಕಪ್ಪಾಯಿತು. ಸ್ವಲ್ಪ ಹೊತ್ತು, ಬಹುಶಃ ನಾಲ್ಕೈದು ಉಸಿರಿನಷ್ಟು. ಆ ಕಪ್ಪಿನಲ್ಲಿ ಸುಹಾಸಿನಿಯವರಿಗೆ ತಮ್ಮ ಮುಖ ಕಂಡಿತು. ಹೆಗಲು ತಾನಾಗಿ ಇಳಿಯಿತು. ಆಗಷ್ಟೇ ಬಿಟ್ಟುಬಂದ ಜೇವರ್ಗಿ ಮನಸ್ಸಿನಿಂದ ಮೆಲ್ಲಗೆ ಸರಿದುಹೋದದ್ದು ಅವರಿಗೆ ಗೊತ್ತಾಯಿತು. ಬೆಳಕು ಬಂದಾಗ ಪರದೆಯ ಮೇಲೆ ಆಳಂದ ಇತ್ತು. ಅದನ್ನು ಅವರು ಆಳಂದವಾಗಿಯೇ ನೋಡಿದರು.

ಆಮೇಲಿನ ತಿಂಗಳು ಅವರು ಅಳೆದರು. ಎಲ್ಲ ಮೇಜುಗಳ ನಿರ್ವಾಹಕರನ್ನೂ, ತಮ್ಮನ್ನೂ ಸೇರಿಸಿ. ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಊರು ಬದಲಿಸುತ್ತಿತ್ತು, ಮನಸ್ಸು ಅಷ್ಟು ಬೇಗ ಬದಲಿಸುತ್ತಿರಲಿಲ್ಲ. ಹಿಂದಿನ ಊರಿನ ಒಂದು ತುಣುಕು ಇನ್ನೂ ಅಂಟಿಕೊಂಡಿರುವಾಗಲೇ ಮುಂದಿನದು ಬಂದು ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಒಬ್ಬೊಬ್ಬರ ತಲೆಯಲ್ಲೂ ಮುಗಿಯದೆ ಉಳಿದ ನೂರಾರು ತುಣುಕುಗಳು. ಹಳೆಯ ಪೆಟ್ಟಿಗೆಯ ಕಾಲದಲ್ಲಿ ಹೀಗೆ ಆಗುತ್ತಿರಲಿಲ್ಲ ಎನ್ನಲು ಅವರ ಬಳಿ ಆಧಾರವಿರಲಿಲ್ಲ. ತಮ್ಮ ಯೌವನ ನೆನಪಾಯಿತು. ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ ಅವರೂ ಅವರ ಗೆಳತಿಯರೂ ಒಂದು ಪರದೆಯಲ್ಲಿ ಹತ್ತು ಕಿಟಕಿ ತೆರೆದು, ಕೈಯಲ್ಲಿ ಇನ್ನೊಂದು ಫೋನು ಹಿಡಿದು, ಎದುರಿಗೆ ಕೂತವರಿಗೆ ‘ಹೂಂ, ಹೇಳು, ಕೇಳಿಸ್ತಿದೆ’ ಎನ್ನುತ್ತಿದ್ದರು. ಅದನ್ನು ಜಾಣತನ ಎಂದುಕೊಂಡಿದ್ದರು. ಅಂದು ಯಾರೂ ಅಳೆಯಲಿಲ್ಲ.

ವರದಿಯಲ್ಲಿ ಅವರು ಬರೆದದ್ದು ಇಷ್ಟು. ಕವಲಿಗೆ ಕತ್ತಲನ್ನು ಮರಳಿ ಸೇರಿಸಬೇಕು. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಪರದೆ ಪೂರ್ತಿ ಕಪ್ಪಾಗಬೇಕು, ಮುಂದೆ ಬರುವ ಊರಿನ ಹೆಸರು ಮತ್ತು ರೋಗಿಯ ಹೆಸರು ಮಾತ್ರ ಆ ಕಪ್ಪಿನ ಮೇಲೆ ಕಾಣಬೇಕು. ಊರು ಬಂದ ಮೇಲೂ ಕೆಲವು ಕ್ಷಣ ಕೀಲಿಗಳಾಗಲಿ ಮೌಸಾಗಲಿ ಕೆಲಸ ಮಾಡಬಾರದು. ಇಲಿಯಾಸ್ ಜಮಾದಾರನ ತಪ್ಪು ಅವನೊಬ್ಬನದಲ್ಲ.

ಸಂಸ್ಥೆಯ ಮುಖ್ಯಸ್ಥ ರಾಜಶೇಖರ ಗುತ್ತೇದಾರ ವರದಿ ಓದಿ ಕನ್ನಡಕ ತೆಗೆದಿಟ್ಟರು. ಕೆಟ್ಟ ಮನುಷ್ಯನಲ್ಲ. ಅವರಿಗೂ ದಣಿವಾಗಿತ್ತು.

“ಹೀಗೆ ಮಾಡಿದ್ರ ಒಬ್ಬರು ಮೂರು ಊರು ನೋಡಬಹುದು, ಆರಲ್ಲ. ಹೌದಲ್ರಿ?”

“ಹೌದು.”

“ಉಳಿದ ಮೂರಕ್ಕೆ ಮಂದಿ ಎಲ್ಲಿಂದ ತರ್ಲಿ? ಓದಿದವರೇ ಇಲ್ಲ. ಕೆಲವು ಕೇಂದ್ರ ಮುಚ್ಚಬೇಕಾಗ್ತದ. ಮುಚ್ಚೋದಾದ್ರ ಸಣ್ಣದು ಮೊದಲು. ಹೊಸಹಿಪ್ಪರಗಿಯಿಂದ ಶುರು.”

ಹೀಗಾಗಬಹುದೆಂದು ಸುಹಾಸಿನಿ ಯೋಚಿಸಿರಲೇ ಇಲ್ಲ. ಎರಡು ದಿನದ ಬಳಿಕ ಅವರು ಹೊಸಹಿಪ್ಪರಗಿಗೆ ಹೋದರು. ಲಲಿತಾಬಾಯಿ ಶಾಲೆಯ ಅಡುಗೆಮನೆಯ ಹೊರಗೆ ಕೂತು ಬೇಳೆ ಆರಿಸುತ್ತಿದ್ದಳು. ಒಂದೇ ಕಣ್ಣಿಗೆ ಕಲ್ಲು ಕಾಣದೆ ಬೆರಳಿನಿಂದ ತಡವಿ ತಡವಿ ಹುಡುಕುತ್ತಿದ್ದಳು. ಸುಹಾಸಿನಿ ತಾವು ಯಾರೆಂದು ಹೇಳಿದರು, ಆ ಯಂತ್ರ ತಮ್ಮದೆಂದು ಹೇಳಿದರು, ಕತ್ತಲು ಸೇರಿಸಿದರೆ ಒಬ್ಬರಿಗೆ ಮೂರೇ ಊರು ನೋಡಲಾಗುವುದೆಂದು ಹೇಳಿದರು, ಕೇಂದ್ರ ಮುಚ್ಚಬಹುದೆಂಬುದನ್ನೂ ಮುಚ್ಚಿಡದೆ ಹೇಳಿದರು.

ಲಲಿತಾಬಾಯಿ ಮೊರ ಕೆಳಗಿಟ್ಟಳು.

“ಮೊದಲ ನಾ ಬಸ್ಸಿನಾಗ ಹೋಗ್ತಿದ್ದೆನ್ರಿ ಬಾಯಿ. ಬರೂವಾಗ ಸೀಟಿನ ಕೆಳಗ ಮಲಗ್ತಿದ್ದೆ. ಮಂದಿ ಕಾಲು ತಾಗ್ತಿದ್ವು. ಕಣ್ಣೊಂದು ಹೋಯ್ತು, ಹೋಗ್ಲಿ. ಕೇಂದ್ರನೂ ಹೋದ್ರ ನಾ ಉಳೀತೀನೇನ್ರಿ?”

“ಹಾಗಾದರೆ ಮೊದಲಿನ ಹಾಗೇ ಇರಲಿ ಅಂತೀರಾ?”

“ಹಂಗೂ ಬ್ಯಾಡ್ರಿ. ನನಗಾದದ್ದು ಇನ್ನೊಬ್ರಿಗೆ ಆಗೋದು ಬ್ಯಾಡ.” ಅವಳು ಮೊರವನ್ನು ಮತ್ತೆ ಮಡಿಲಿಗೆ ತೆಗೆದುಕೊಂಡಳು. “ಕಾಯ್ತೀವ್ರಿ. ಒಂದು ದಿನ ಮೂರು ಊರು ನೋಡ್ಲಿ, ಮರುದಿನ ಇನ್ನ ಮೂರು ನೋಡ್ಲಿ. ಮುಚ್ಚಬ್ಯಾಡ್ರಿ. ತಡ ಆದ್ರ ಕೂತು ಕಾಯ್ತೀವಿ. ಕಾಯೋದು ನಮಗ ರೂಢಿ ಅದ.”

ಕೊನೆಗೆ ಆದದ್ದು ಹೆಚ್ಚು ಕಡಿಮೆ ಅದೇ. ಕೇಂದ್ರಗಳು ಮುಚ್ಚಲಿಲ್ಲ, ದಿನ ಬಿಟ್ಟು ದಿನ ತೆರೆದವು. ತೆರೆದ ದಿನ ಪಾಳಿ ಉದ್ದವಾಯಿತು. ವಾರಕ್ಕೆ ಮೂರು ಸಲ ಮಲಗುತ್ತಿದ್ದ ಕೆಲವರಿಗೆ ಎರಡೇ ಸಲ ಸಿಕ್ಕಿತು, ಅವರು ನೀರು ಕುಡಿಯುವುದನ್ನು ಇನ್ನಷ್ಟು ಬಿಗಿಹಿಡಿಯಬೇಕಾಯಿತು. ಆಳಂದದಲ್ಲಿ ರೋಗಿಗಳ ಮನೆಯವರು ಬಾಗಿಲಲ್ಲಿ ನಿಂತು ಕೂಗಾಡಿದರು. ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಯಾರೋ ಮುದುಕಿ ಕೆಡಿಸಿದಳಂತೆ ಎಂದು ಪತ್ರಿಕೆಯೊಂದರಲ್ಲಿ ಬಂತು. ಸುಹಾಸಿನಿ ಅದನ್ನು ಓದಿ ಮಡಚಿಟ್ಟರು. ಪೂರ್ತಿ ಸುಳ್ಳು ಎನ್ನಲು ಅವರಿಗೂ ಆಗಲಿಲ್ಲ. ಆದರೆ ಆ ವರ್ಷ, ಅದರ ಮುಂದಿನ ವರ್ಷ, ಒಬ್ಬರ ಅಂಕಿ ಇನ್ನೊಬ್ಬರ ಮೈಗೆ ಹೋಗಲಿಲ್ಲ.

ಇಲಿಯಾಸ್‌ನನ್ನು ಕೆಲಸಕ್ಕೆ ಮರಳಿ ಕರೆದರು. ಹೋಗಲೋ ಬೇಡವೋ ಎಂದು ಅವನು ಬಹಳ ದಿನ ಯೋಚಿಸಿದ. ಮನೆಯಲ್ಲಿ ಕೂತು ಅವನ ಕಣ್ಣಿನ ಉರಿ ಇಳಿದಿತ್ತು, ತಸ್ಲೀಮಾಳ ಮಾತು ಕೊನೆಯವರೆಗೂ ಕೇಳಿಸುತ್ತಿತ್ತು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಹೋಗುತ್ತೇನೆ, ಆದರೆ ಅದಕ್ಕೂ ಮೊದಲು ಒಂದು ಕಡೆ ಹೋಗಿಬರಬೇಕು ಎಂದ. ಎಲ್ಲಿಗೆಂದು ಅವಳು ಕೇಳಲಿಲ್ಲ. ಡಬ್ಬಿಯಲ್ಲಿ ರೊಟ್ಟಿ ಪಲ್ಯ ಹಾಕಿಕೊಟ್ಟಳು.

ಹೊಸಹಿಪ್ಪರಗಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡ ಊರು. ಬಸ್ ನಿಲ್ದಾಣದ ಎದುರು ತೊಗರಿ ಮೂಟೆ ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಇಷ್ಟು ವರ್ಷ ಈ ಊರಿನ ರಕ್ತದೊತ್ತಡವೆಲ್ಲ ಗೊತ್ತಿದ್ದವನಿಗೆ ಕೇಂದ್ರದ ದಾರಿ ಕೇಳಬೇಕಾಯಿತು.

ಲಲಿತಾಬಾಯಿಗೆ ಆಗಷ್ಟೇ ಸೂಜಿ ಚುಚ್ಚಿ ಯಂತ್ರ ಶುರು ಮಾಡಿದ್ದರು. ಅವನು ಬಾಗಿಲಲ್ಲಿ ನಿಂತ. ನರ್ಸ್ ಹೋಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಲಲಿತಾಬಾಯಿ ಕಾಣುವ ಕಣ್ಣು ಬಾಗಿಲ ಕಡೆಗಾಗುವಂತೆ ಮುಖ ತಿರುಗಿಸಿ ಅವನನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈಯಲಿ ಎಂದೇ ಬಂದಿದ್ದ.

“ನೀವೇನ್ರಿ ಆವಾಗ ಒತ್ತಿದವ್ರು?”

“ಹೌದ್ರಿ ಬಾಯಿ. ನಾನೇ.”

ಯಂತ್ರದ ಸಣ್ಣ ಚಕ್ರ ತಿರುಗುತ್ತಿತ್ತು. ಕೆಂಪು ನಳಿಕೆ ಅವಳ ತೋಳಿನಿಂದ ಹೋಗಿ ಅವಳ ತೋಳಿಗೇ ಮರಳುತ್ತಿತ್ತು.

“ನಾ ನಿಮ್ಮನ್ನ ಭಾಳ ಬೈದೀನ್ರಿ,” ಎಂದಳು ಕೊನೆಗೆ. “ಮಕ್ಕಳ ಮುಂದ, ಒಲಿ ಮುಂದ. ಹೆಸರು ಗೊತ್ತಿದ್ದಿಲ್ಲ, ಹಂಗೇ ಬೈದೀನಿ.”

“ಬೈರಿ.”

“ಈಗ ಬ್ಯಾಡ. ಕೂಡ್ರಿ.”

ಗೋಡೆಯ ಬಳಿ ಇದ್ದ ಕುರ್ಚಿ ಎಳೆದುಕೊಂಡು ಅವನು ಕೂತ. ಹಾಸಿಗೆಯ ಎದುರಿಗೆ ಕೇಂದ್ರದ ಕಂಪ್ಯೂಟರಿನ ಪರದೆ ಇತ್ತು. ಕಲಬುರಗಿಯ ಮೇಜಿನ ಮೇಲೆ ಅವನು ದಿನವೂ ನೋಡುತ್ತಿದ್ದದ್ದು ಇದನ್ನೇ, ಈಗ ಆಚೆ ಬದಿಯಿಂದ ನೋಡುತ್ತಿದ್ದ. ಯಾರೂ ಮುಟ್ಟದ ಆ ಪರದೆಯ ಮೇಲೆ ಮೌಸಿನ ಬಾಣ ಇದ್ದಕ್ಕಿದ್ದಂತೆ ಮೂಡಿತು. ಮೂಡಿ, ಅಲ್ಲಾಡದೆ ನಿಂತಿತು.

“ಬಂದ್ರು ನೋಡ್ರಿ ಕಲಬುರ್ಗಿಯವ್ರು,” ಎಂದಳು ಲಲಿತಾಬಾಯಿ. “ಮೊದಲ ಈ ಬಾಣ ಬಂದಕೂಡ್ಲೇ ಓಡ್ತಿತ್ರಿ. ಎಲ್ಲೋ ಬೆಂಕಿ ಬಿದ್ದಂಗ. ಈಗ ಬಂದು ನಿಂದರ್ತದ. ಅದು ನಿಂತಿದ್ದು ನೋಡಿದ್ರ ನಂಗ ಸಮಾಧಾನ. ನನ್ನ ಹೆಸರು ಓದ್ಲತ್ತಾರಂತ ತಿಳೀತೀನಿ.”

ಇಲಿಯಾಸ್ ಆ ಬಾಣವನ್ನೇ ನೋಡಿದ. ಅದು ಇನ್ನೊಂದು ಕ್ಷಣ ನಿಂತು, ನಿಧಾನವಾಗಿ ಸರಿದು, ಅವಳ ಅಂಕಿಯ ಬಳಿ ಹೋಯಿತು. ಅಂಕಿ ಬದಲಾಯಿತು. ಅದು ಸರಿಯಾಗಿದೆಯೇ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದ. ಸರಿಯಾಗಿತ್ತು. ಬಾಣ ಹೊರಟುಹೋಯಿತು.

ಹೊರಗೆ ಬಿಸಿಲು ಏರಿತು. ಯಂತ್ರದ ಸದ್ದು ಒಂದೇ ಸಮನೆ ಇತ್ತು. ನರ್ಸ್ ಬಂದು, ಇನ್ನೂ ಮೂರು ತಾಸು ಹಿಡಿಯುತ್ತದೆ, ಕಲಬುರಗಿಗೆ ಮಧ್ಯಾಹ್ನದ ಬಸ್ಸಿದೆ ಎಂದಳು.

“ನಿಮಗ ಕೆಲಸ ಇರಬೇಕಲ್ರಿ,” ಎಂದಳು ಲಲಿತಾಬಾಯಿ. “ಎಲ್ಲಿಗರೆ ಹೋಗೋದಿದ್ರ ಹೋಗ್ರಿ. ನಾ ಇದ್ದೀನಿ ಇಲ್ಲೇ.”

ಇಲಿಯಾಸ್ ಕುರ್ಚಿಯನ್ನು ಅವಳ ಹಾಸಿಗೆಯ ಹತ್ತಿರಕ್ಕೆ, ಅವಳ ಕಾಣುವ ಕಣ್ಣಿನ ಬದಿಗೆ ಎಳೆದುಕೊಂಡ.

“ಇಲ್ರಿ ಬಾಯಿ. ಇವತ್ತ ನಾ ಬ್ಯಾರೆ ಎಲ್ಲೂ ಇಲ್ಲ.”